ದುಡ್ಡು ಕೇಳುವ ಹೊತ್ತು

ನಾನು ಕಂಪ್ಯೂಟರ್ ರಿಪೇರಿ ಮಾಡುತ್ತೇನೆ. ಕೆಟ್ಟ ಹಾರ್ಡ್ ಡಿಸ್ಕಿನಿಂದ ಡೇಟಾ ತೆಗೆದುಕೊಡುವುದೂ ನನ್ನ ಕೆಲಸವೇ. ಮದರ್‌ಬೋರ್ಡ್ ಬಿಚ್ಚಲು ಎಂದೂ ಅಂಜಿದವನಲ್ಲ. ಆದರೆ "ಎಷ್ಟಾಯ್ತು?" ಎಂದು ಕೇಳಿದರೆ ಸಾಕು, ಗಂಟಲು ಕಟ್ಟುತ್ತಿತ್ತು. ಆಗಬೇಕಾದದ್ದಕ್ಕಿಂತ ಕಡಿಮೆ ಹೇಳುವುದು, ಅದರ ಮೇಲೆ "ಇರಲಿ, ಆಮೇಲೆ ಕೊಡಿ" ಎಂದು ಬೇರೆ ಸೇರಿಸುವುದು. ಆ ಆಮೇಲೆ ಬರುವುದಿಲ್ಲ ಅಂತ ಇಬ್ಬರಿಗೂ ಗೊತ್ತು.

ಧೈರ್ಯ ಮಾಡಿ ಕೇಳಿ ಅನ್ನುವ ಉಪದೇಶ ಬೇಕಾದಷ್ಟು ಸಿಗುತ್ತದೆ. ನನಗೆ ಅದರಿಂದ ಏನೂ ಆಗಲಿಲ್ಲ. ದುಡ್ಡಿನ ಮಾತನ್ನು ಕೆಲಸದ ಕೊನೆಯಿಂದ ಎತ್ತಿ ಮೊದಲಿಗೆ ತಂದ ಮೇಲೆ ಸಂಕೋಚ ಬಹುಪಾಲು ಕರಗಿತು.

ಕೆಲಸ ಮುಗಿದ ಮೇಲೆ ಮೊತ್ತ ಹೇಳಿದರೆ ಗಿರಾಕಿಗೆ ಬೇರೆ ದಾರಿ ಇಲ್ಲ, ಕೊಡಲೇಬೇಕು. ಆ ಇಕ್ಕಟ್ಟು ಅವರ ಮುಖದಲ್ಲಿ ಕಾಣುತ್ತದೆ. ನಾವು ಕಿತ್ತುಕೊಂಡ ಹಾಗೆ ನಮಗೇ ಅನಿಸುತ್ತದೆ. ಅದೇ ಮೊತ್ತವನ್ನು ಮೊದಲೇ ಹೇಳಿದರೆ ಬೇಡ ಅನ್ನಲು ಅವರಿಗೆ ಅವಕಾಶ ಇರುತ್ತದೆ. ಕೆಲವರು ಬೇಡ ಅಂತ ಹೋಗುತ್ತಾರೆ, ಹೋಗಲಿ. ಒಪ್ಪಿದವರ ಹತ್ತಿರ ದುಡ್ಡು ತೆಗೆದುಕೊಳ್ಳುವಾಗ ಮನಸ್ಸು ಚುಚ್ಚುವುದಿಲ್ಲ. ಈಗ ಡಿಸ್ಕ್ ಕೈಗೆ ತೆಗೆದುಕೊಳ್ಳುವಾಗಲೇ ಚೀಟಿ ಬರೆಯುತ್ತೇನೆ: ಪರೀಕ್ಷೆಗೆ ಇಷ್ಟು, ಡೇಟಾ ಸಿಕ್ಕರೆ ಇಷ್ಟು, ಬಿಡಿಭಾಗದ ಬೆಲೆ ಬೇರೆ. ಅದನ್ನು ಮೀರುವ ಹಾಗಿದ್ದರೆ ಮುಂದುವರಿಯುವ ಮೊದಲು ಫೋನ್ ಮಾಡುತ್ತೇನೆ.

ಚೀಟಿಯಲ್ಲಿ ಬರೆಯುವ ಮೊತ್ತದ ಬಗ್ಗೆ ನಮಗೇ ನಂಬಿಕೆ ಇರಬೇಕಲ್ವಾ? ಅದಕ್ಕೆ ಲೆಕ್ಕ ಹಾಕಿಟ್ಟುಕೊಳ್ಳಬೇಕು. ವಾರಕ್ಕೊಂದು ರಜೆ, ಹಬ್ಬ, ಜ್ವರ ಎಲ್ಲ ಕಳೆದರೆ ವರ್ಷದಲ್ಲಿ ಸುಮಾರು 290 ದಿನ ಸಿಗುತ್ತದೆ ಅನ್ನೋಣ. ದಿನಕ್ಕೆ 8 ಗಂಟೆ ಅಂದರೆ 2,320 ಗಂಟೆ. ಇದರಲ್ಲಿ ಅರ್ಧ ಫೋನು, ಬಿಡಿಭಾಗ ತರುವುದು, ಲೆಕ್ಕ ಬರೆಯುವುದು, ಸುಮ್ನೆ ಕಾಯುವುದರಲ್ಲಿ ಹೋದರೆ ದುಡ್ಡು ತರುವ ಗಂಟೆ 1,160 ಮಾತ್ರ. ಸಂಬಳದವರಿಗೆ ಅಷ್ಟೂ ಗಂಟೆಗೆ ದುಡ್ಡು ಬರುತ್ತದೆ. ಅಂದರೆ ಅವರಷ್ಟೇ ದುಡಿಯಬೇಕಾದರೂ ನಮ್ಮ ಗಂಟೆಯ ದರ ಎರಡರಷ್ಟಿರಬೇಕು. ಬಾಡಿಗೆ, ಸಲಕರಣೆ, ತೆರಿಗೆ ಇನ್ನೂ ಸೇರಿಲ್ಲ.

ಅತಿ ಕಷ್ಟ ಅನಿಸಿದ್ದು ಡೇಟಾ ಸಿಗದಿದ್ದಾಗ ದುಡ್ಡು ಕೇಳುವುದು. ಮಗುವಿನ ಫೋಟೋಗಳಿದ್ದ ಡಿಸ್ಕ್ ತಂದವರಿಗೆ ಬರಿಗೈ ತೋರಿಸಿ ಬಿಲ್ಲು ಕೊಡುವುದು ಹೇಗೆ? ಆದರೂ ಪರೀಕ್ಷೆಯ ಚಾರ್ಜು ಬಿಡಬಾರದು ಅನ್ನುವುದೇ ನನ್ನ ಅಭಿಪ್ರಾಯ. ಟಿಕ್ ಟಿಕ್ ಎಂದು ಸದ್ದು ಮಾಡುವ ಡಿಸ್ಕನ್ನು ಮತ್ತೆ ಮತ್ತೆ ಆನ್ ಮಾಡಿದರೆ ಒಳಗಿನ ತಟ್ಟೆಗೆ ಗೀರು ಬಿದ್ದು ಉಳಿದದ್ದೂ ಹೋಗಬಹುದು. ಸಿಕ್ಕರೆ ಮಾತ್ರ ದುಡ್ಡು ಅಂದರೆ, ಇನ್ನೊಂದು ಸಲ ನೋಡೋಣ ಅನ್ನುವ ಆಸೆ ನನಗೇ ಹುಟ್ಟುತ್ತದೆ. ಎಸ್‌ಎಸ್‌ಡಿಯಲ್ಲಿ (ತಟ್ಟೆಯ ಬದಲು ಮೆಮೊರಿ ಚಿಪ್‌ಗಳಲ್ಲಿ ಡೇಟಾ ಇಡುವ ಡಿಸ್ಕ್) ಅಳಿಸಿದ ಫೈಲು ಟ್ರಿಮ್ ಆದ ಮೇಲೆ, ಅಂದರೆ ಅದರ ಜಾಗವನ್ನು ಖಾಲಿ ಮಾಡಲು ಡಿಸ್ಕಿಗೆ ಸೂಚನೆ ಹೋದ ಮೇಲೆ, ಸಾಮಾನ್ಯವಾಗಿ ಮರಳಿ ಬರುವುದಿಲ್ಲ. ಅದನ್ನು ಪರೀಕ್ಷಿಸಿ "ಇದು ಆಗಲ್ಲ, ಇನ್ನೆಲ್ಲೂ ದುಡ್ಡು ಸುರಿಯಬೇಡಿ" ಎಂದು ಹೇಳುವುದೂ ಕೆಲಸವೇ. ಡೇಟಾ ತೆಗೆಯುವ ಚಾರ್ಜು ಮಾತ್ರ ಸಿಕ್ಕರಷ್ಟೇ.

ಇದರ ಇನ್ನೊಂದು ತುದಿ, ಹತ್ತು ನಿಮಿಷದಲ್ಲಿ ಮುಗಿದುಬಿಡುವ ಕೆಲಸಕ್ಕೆ ಪೂರ್ತಿ ದುಡ್ಡು ಕೇಳುವುದು. ಚಿತ್ರಕಾರ ಜೇಮ್ಸ್ ವಿಸ್ಲರ್ ತನ್ನನ್ನು ಹೀಯಾಳಿಸಿದ ವಿಮರ್ಶಕನ ಮೇಲೆ ಹಾಕಿದ ಮೊಕದ್ದಮೆ 1878ರಲ್ಲಿ ಲಂಡನ್ನಿನಲ್ಲಿ ವಿಚಾರಣೆಗೆ ಬಂತು. ಎರಡು ದಿನದ ಕೆಲಸಕ್ಕೆ 200 ಗಿನಿ (ಒಂದು ಗಿನಿ ಅಂದರೆ ಒಂದು ಪೌಂಡಿಗಿಂತ ತುಸು ಹೆಚ್ಚು) ಕೇಳುತ್ತೀರಾ ಎಂದು ವಿಮರ್ಶಕನ ವಕೀಲರು ಕೆಣಕಿದರು. ಬದುಕಿಡೀ ದುಡಿದು ಕಲಿತದ್ದಕ್ಕೆ ಕೇಳುತ್ತೇನೆ ಎಂದ ವಿಸ್ಲರ್. ಕೇಸು ಗೆದ್ದ. ಪರಿಹಾರ ಸಿಕ್ಕಿದ್ದು ಒಂದು ಫಾರ್ದಿಂಗ್, ಅಂದರೆ ಕಾಲು ಪೆನ್ನಿ, ಮುಂದಿನ ವರ್ಷ ದಿವಾಳಿಯಾದ! ಹಾಗಾಗಿ ಇಂಥ ಉತ್ತರವನ್ನು ನಾನು ಗಿರಾಕಿಗಳ ಮುಂದೆ ಹೇಳುವುದಿಲ್ಲ. ಗಂಟೆಗಿಷ್ಟು ಅನ್ನುವ ಬದಲು ಕೆಲಸಕ್ಕಿಷ್ಟು ಎಂದು ಬರೆದಿರುತ್ತೇನೆ. ಬೇಗ ಮುಗಿದರೆ ಅವರಿಗೂ ಖುಷಿ.

ರಿಯಾಯಿತಿ ಕೊಡುವ ಚಟವೂ ಸಂಕೋಚದ್ದೇ ಮಗು. ನೂರರ ಬಿಲ್ಲಿನಲ್ಲಿ 60 ಖರ್ಚು ಹೋಗಿ 40 ಉಳಿಯುತ್ತದೆ ಅನ್ನಿ. 10 ಬಿಟ್ಟರೆ ಉಳಿಯುವುದು 30. ಮೂರು ಕೆಲಸದಲ್ಲಿ ಬರುತ್ತಿದ್ದದ್ದಕ್ಕೆ ಈಗ ನಾಲ್ಕು ಕೆಲಸ ಮಾಡಬೇಕು. ಕೈಲಾಗದವರಿಗೆ ಪುಕ್ಕಟೆ ಮಾಡಿಕೊಡುತ್ತೇನೆ, ಅದು ಬೇರೆ. ಆಗ ಬಿಲ್ಲಿನಲ್ಲಿ ಪೂರ್ತಿ ಮೊತ್ತ ಬರೆದು, ಕೆಳಗೆ ಅಷ್ಟನ್ನೂ ಕಳೆದಿರುತ್ತೇನೆ. ಪುಕ್ಕಟೆಯೇ ನನ್ನ ದರ ಅಂತ ಆಗಬಾರದು.

ಹಳೇ ಗಿರಾಕಿಗಳಿಗೆ ದರ ಏರಿಸುವಾಗ ಈಗಲೂ ಸ್ವಲ್ಪ ಮುಜುಗರ ಆಗುತ್ತದೆ. ಅದಕ್ಕೂ ಇದೇ ಉಪಾಯ: ಒಂದು ತಿಂಗಳು ಮುಂಚೆ ಎರಡು ಸಾಲಿನ ಮೆಸೇಜು ಕಳಿಸುತ್ತೇನೆ. ಹೊಸ ದರ, ಯಾವತ್ತಿನಿಂದ. ಕಾರಣ ಕೇಳಿದವರಿಗೆ ಹೇಳುತ್ತೇನೆ. ಹೆಚ್ಚಿನವರು ಕೇಳುವುದೇ ಇಲ್ಲ.