ಬೋಳು ಗುಡ್ಡದ ಮೇಲೆ ಒಂದು ಅಮಾವಾಸ್ಯೆ

ಫೆಬ್ರವರಿ ಅಮಾವಾಸ್ಯೆ ಹತ್ರ ಬಂತು ಅಂದ್ರೆ ನಂಗೆ ಮನೇಲಿ ಕೂರಕ್ಕಾಗಲ್ಲ. ಈ ಸಲ ಅಕ್ಕನ ಮಗಳೂ ಬರ್ತೀನಿ ಅಂತ ಹಠ ಹಿಡಿದ್ಲು, ಸರಿ ಅಂತ 8 ಇಂಚಿನ ಕನ್ನಡಿ ಇರೋ ಡಾಬ್ಸೋನಿಯನ್ ಟೆಲಿಸ್ಕೋಪನ್ನ ಕಾರಿನ ಹಿಂದಿನ ಸೀಟಲ್ಲಿ ಅಡ್ಡ ಮಲಗಿಸಿ ಬೆಲ್ಟ್ ಬಿಗಿದು ಮಧ್ಯಾಹ್ನಾನೇ ಹೊರಟ್ವಿ. ಹೋಗಿದ್ದು ಒಂದು ಬೋಳು ಗುಡ್ಡಕ್ಕೆ. ಅದೇ ಗುಡ್ಡ ಯಾಕೆ ಅಂದ್ರೆ ಅಲ್ಲಿಂದ ದಕ್ಷಿಣಕ್ಕೆ ಒಂದು ಊರಿನ ದೀಪಾನೂ ಕಾಣಲ್ಲ, ಮರಗಳ ಅಡ್ಡ ಇಲ್ಲ, ಮತ್ತೆ ನಂಗೆ ಬೇಕಾಗಿದ್ದಿದ್ದು ದಕ್ಷಿಣದ ಅಂಚಲ್ಲಿ ಕೆಲವೇ ಗಂಟೆ ತಲೆ ಎತ್ತೋ ಕರೀನಾ ನೀಹಾರಿಕೆ, ಅಂದ್ರೆ ಅನಿಲ, ಧೂಳಿನ ಒಂದು ದೊಡ್ಡ ಮೋಡ.

ಕೊನೇಲಿ ಸಿಕ್ಕಿದ ಮಣ್ಣು ರಸ್ತೆಯ ಕುಲುಕಾಟಕ್ಕೆ ಟೆಲಿಸ್ಕೋಪಿನ ಕನ್ನಡಿ ಓರೆಯಾಗಿತ್ತು. ಬೆಳಕಿರೋವಾಗ್ಲೇ ಸ್ಕ್ರೂ ತಿರುಗಿಸಿ ಸರಿ ಮಾಡ್ಕೊಂಡು, ಕನ್ನಡಿ ಹೊರಗಿನ ತಂಪಿಗೆ ಹೊಂದಿಕೊಳ್ಳಲಿ ಅಂತ ಒಂದು ಗಂಟೆ ಹಾಗೇ ಬಿಟ್ವಿ.

ಕತ್ತಲಾದ್ಮೇಲೆ ಮೊದಲು ಮಹಾವ್ಯಾಧ, ಅಂದ್ರೆ ಓರಿಯನ್ ನಕ್ಷತ್ರಪುಂಜ. ಸೊಂಟಪಟ್ಟಿಯ ಮೂರು ನಕ್ಷತ್ರದ ಕೆಳಗೆ ಕತ್ತಿ ನೇತಾಡುತ್ತಲ್ಲ, ಅದರ ನಡುವೆ ಬರಿಗಣ್ಣಿಗೂ ಮಬ್ಬಾಗಿ ಕಾಣೋದೇ ಎಂ42, ಓರಿಯನ್ ನೀಹಾರಿಕೆ. 25 ಎಂಎಂ ಐಪೀಸ್ (ಕಣ್ಣಿಟ್ಟು ನೋಡೋ ಮಸೂರ) ಹಾಕಿದ್ರೆ ನನ್ನ ಟೆಲಿಸ್ಕೋಪಲ್ಲಿ 48 ಪಟ್ಟು ದೊಡ್ಡದಾಗಿ ಕಾಣುತ್ತೆ, ಇದಕ್ಕೆ ಅಷ್ಟು ಸಾಕು.

ಅವಳು ನೋಡಿದ್ಲು, ಸ್ವಲ್ಪ ಹೊತ್ತು ಸುಮ್ನಿದ್ಲು. "ಮಾಮ, ಬೂದಿ ಬಣ್ಣ ಇದೆ. ಫೋಟೋದಲ್ಲಿ ಗುಲಾಬಿ ಇತ್ತಲ್ಲ?"

"ಫೋನ್ ನೋಡಿ ಎಷ್ಟೊತ್ತಾಯ್ತು?"

"ಈಗ್ತಾನೇ."

"ಹಾಗಾದ್ರೆ ಅದನ್ನ ಕಾರಲ್ಲಿಟ್ಟು ಬಾ, ಇನ್ನರ್ಧ ಗಂಟೆ ಕತ್ತಲಲ್ಲೇ ಇರೋಣ."

ಕ್ಯಾಮೆರಾ ಬೆಳಕನ್ನ ನಿಮಿಷಗಟ್ಟಲೆ ಕೂಡಿ ಹಾಕುತ್ತೆ, ನಮ್ಮ ಕಣ್ಣಿಗೆ ಅದು ಬರಲ್ಲ. ಕತ್ತಲಲ್ಲಿ ಕೆಲಸ ಮಾಡೋ ಕಣ್ಣಿನ ಕೋಶಗಳಿಗೆ ಬಣ್ಣ ಗೊತ್ತಾಗಲ್ಲ, ಅವು ಪೂರ್ತಿ ಎಚ್ಚರ ಆಗೋಕೂ ಇಪ್ಪತ್ತು ಮೂವತ್ತು ನಿಮಿಷ ಬೇಕು, ಒಂದು ಸಲ ಬಿಳಿ ಬೆಳಕು ಬಿದ್ರೆ ಮತ್ತೆ ಮೊದಲಿಂದ ಶುರು. ಅದಕ್ಕೇ ನಮ್ಮ ಹತ್ರ ಇದ್ದಿದ್ದು ಮಂಕಾದ ಕೆಂಪು ಟಾರ್ಚ್ ಒಂದೇ.

ಅರ್ಧ ಗಂಟೆ ಕಳೆದು ಮತ್ತೆ ಕರೆದೆ. "ನೇರ ನೋಡ್ಬೇಡ ಕಣೆ, ಸ್ವಲ್ಪ ಪಕ್ಕಕ್ಕೆ ದಿಟ್ಟಿಸು, ಆಗ ಮಬ್ಬು ತಾನಾಗೇ ಬಿಚ್ಚಿಕೊಳ್ಳುತ್ತೆ."

"ಮಾಮ... ರೆಕ್ಕೆ ಇದೆ ಇದಕ್ಕೆ!"

ಆ ಧ್ವನಿ ಕೇಳಿ ನಂಗೆ ಮೈ ಜುಮ್ಮೆಂದಿತು. ಎರಡು ಕಡೆ ಚಾಚಿದ ರೆಕ್ಕೆ, ನಡುವೆ ಒತ್ತೊತ್ತಾಗಿ ನಾಲ್ಕು ನಕ್ಷತ್ರ, ಟ್ರಪೀಜಿಯಂ. ಅವುಗಳಲ್ಲಿ ಒಂದರ ತೀವ್ರ ನೇರಳಾತೀತ ಕಿರಣಾನೇ ಹೆಚ್ಚುಕಮ್ಮಿ ಈ ಇಡೀ ಅನಿಲದ ಮೋಡಾನ ಬೆಳಗಿಸ್ತಿರೋದು. ಆ ಬೆಳಕು ನಮ್ಮ ಹತ್ರ ಬರೋಕೆ ಸುಮಾರು 1,300 ವರ್ಷ ತಗೊಂಡಿದೆ. ನಡುವಿನ ಪ್ರಕಾಶಮಾನ ಭಾಗದಲ್ಲಿ ನಂಗೆ ತೆಳು ಹಸಿರು ಛಾಯೆ ಕಂಡಂಗಾಯ್ತು, ಅವಳಿಗೆ ಕಾಣಲಿಲ್ಲ. 1864ರಲ್ಲಿ ಖಗೋಳಜ್ಞ ವಿಲಿಯಂ ಹಗ್ಗಿನ್ಸ್ ಇನ್ನೊಂದು ನೀಹಾರಿಕೆಯ ಬೆಳಕನ್ನ ಪಟ್ಟಕದಲ್ಲಿ ಒಡೆದು ನೋಡಿದಾಗ ಆಗ ಗೊತ್ತಿದ್ದ ಯಾವ ಧಾತುವಿಗೂ ಹೊಂದದ ಇದೇ ಹಸಿರಿನ ಗೆರೆ ಸಿಕ್ಕಿತ್ತು, ಹೊಸ ಧಾತು ಇರ್ಬೇಕು ಅಂತ ಅದಕ್ಕೆ ನೆಬ್ಯುಲಿಯಂ ಅಂತ ಹೆಸರೂ ಬಂತು. ಅದು ಎರಡು ಎಲೆಕ್ಟ್ರಾನ್ ಕಳ್ಕೊಂಡ ಆಮ್ಲಜನಕ ಅಂತ ಭೌತವಿಜ್ಞಾನಿ ಇರಾ ಬೋವನ್ ತೋರಿಸಿದ್ದು 1927ರಲ್ಲಿ. ನಾವು ಉಸಿರಾಡೋ ಅದೇ ಆಮ್ಲಜನಕ!

ರಾತ್ರಿ 1 ಗಂಟೆ ಹೊತ್ತಿಗೆ ಕರೀನಾ ತನ್ನ ಎತ್ತರಕ್ಕೆ ಬಂತು, ಎತ್ತರ ಅಂದ್ರೂ ದಿಗಂತಕ್ಕೆ ಹತ್ರಾನೇ. ಆಮ್ಲಜನಕದ ಬೆಳಕನ್ನಷ್ಟೇ ಒಳಗೆ ಬಿಡೋ ಓ-3 ಫಿಲ್ಟರ್ ಸಿಕ್ಕಿಸಿದ ಕೂಡ್ಲೇ ಆಕಾಶ ಕಪ್ಪಾಗಿ ನೀಹಾರಿಕೆ ಎದ್ದು ನಿಂತ್ಕೊಳ್ತು. ಓರಿಯನ್‌ಗಿಂತ ಎಷ್ಟೋ ದೊಡ್ಡದು, ಒಂದೇ ನೋಟಕ್ಕೆ ಹಿಡಿಸೋದೇ ಇಲ್ಲ, ಟ್ಯೂಬ್ ನಿಧಾನಕ್ಕೆ ಸರಿಸ್ತಾ ಹೋಗ್ಬೇಕು. ನಡುವೆ ವಿ ಆಕಾರದಲ್ಲಿ ಧೂಳಿನ ಕಪ್ಪು ದಾರಿ. ಫಿಲ್ಟರ್ ತೆಗೆದ್ರೆ ಕಿತ್ತಳೆ ಬಣ್ಣದ ಈಟಾ ಕರೀನೇ, 1843ರಲ್ಲಿ ಸ್ಫೋಟಿಸಿ ಕೆಲಕಾಲ ಲುಬ್ಧಕದ ನಂತರ ಆಕಾಶದ ಎರಡನೇ ಪ್ರಕಾಶಮಾನ ನಕ್ಷತ್ರ ಆಗಿದ್ದಿದ್ದು ಇದೇ. ಈ ನೀಹಾರಿಕೆಯನ್ನ 1752ರಲ್ಲಿ ಫ್ರೆಂಚ್ ಖಗೋಳಜ್ಞ ಲಕಾಯ್ ದಾಖಲಿಸಿದ್ದು ಬರೀ ಅರ್ಧ ಇಂಚಿನ ದೂರದರ್ಶಕದಲ್ಲಿ ಅಂತ ಹೇಳಿದೆ, ಅವಳು ನಮ್ಮ ಟ್ಯೂಬಿನ ಬಾಯಿಗೆ ಕೈ ಅಡ್ಡ ಹಿಡಿದು ಅಳತೆ ನೋಡಿದ್ಲು.

3 ಗಂಟೆಗೆ ಫೈಂಡರ್ (ಗುರಿ ಹಿಡಿಯೋಕೆ ಇರೋ ಪುಟ್ಟ ದೂರದರ್ಶಕ) ಮೇಲೆ ಇಬ್ಬನಿ ಕೂತು ಏನೂ ಕಾಣದಂಗಾಯ್ತು. ಪ್ಯಾಕ್ ಮಾಡೋಣ ಅಂದ್ರೆ ಅವಳು ಕೇಳ್ತಾ ಇಲ್ಲ, ಕೆಂಪು ಬೆಳಕಲ್ಲಿ ಪೆನ್ಸಿಲ್ ಹಿಡ್ಕೊಂಡು ಕರೀನಾದ ಚಿತ್ರ ಬಿಡಿಸ್ತಾ ಬಗ್ಗಿದ್ದಾಳೆ. "ಒಂದ್ನಿಮಿಷ ಮಾಮ, ಕಪ್ಪು ದಾರಿಯ ಒಂದು ಕೊಂಬು ಬಾಕಿ ಇದೆ, ಅದು ಮುಳುಗೋದ್ರೊಳಗೆ ಇನ್ನೊಂದ್ಸಲ ನೋಡ್ಬೇಕು." ನಾನು ಫೈಂಡರ್ ಒರೆಸೋಕೆ ಒಣ ಬಟ್ಟೆ ಹುಡುಕಿದೆ.