ಹಲಗೆ, ದಿಮ್ಮಿ, ಬಾಟ್ಲಿ ನೀರು: ಮೂರನೇ ವಾರ

ಈ ಭಾನುವಾರ ದಿಮ್ಮಿ ಕೊನೆಗೂ ಲೆಕ್ಕದ ಮಾತು ಕೇಳಿತು. ಪೂರ್ತಿ ಅಲ್ಲ, ಹತ್ತಿರ ಹತ್ತಿರ.

ಬಾಗಲಕೋಟೆ ನವನಗರದಲ್ಲಿ ನಮ್ಮ ಮನೆ ಮಾಳಿಗೆ ಮೇಲೆ 20 ಡಿಗ್ರಿಗೆ ಒರಗಿಸಿದ ಒಂದು ಹಲಗೆ. ಅದರ ಮೇಲೆ 500 ಗ್ರಾಂ ತೂಕದ ಸಾಗವಾನಿ ದಿಮ್ಮಿ. ಅದಕ್ಕೆ ಕಟ್ಟಿದ ದಾರ ಮೇಲಿನ ರಾಟೆ ದಾಟಿ ಕೆಳಗಿಳಿದು, 30 ಗ್ರಾಂನ ಖಾಲಿ ಬಾಟ್ಲಿಯನ್ನು ಹಿಡಿದಿದೆ. ಬಾಟ್ಲಿಗೆ ಸಣ್ಣ ಪೈಪಿನಿಂದ ಸೆಕೆಂಡಿಗೆ 2 ಮಿಲಿಲೀಟರ್ ನೀರು. ನೀರು ತುಂಬಿದಂತೆ ಎಳೆತ ಜಾಸ್ತಿ.

ಹಲಗೆಯನ್ನು ಸುಮ್ನೆ ಎತ್ತುತ್ತಾ ಹೋದರೆ ದಿಮ್ಮಿ 27 ಡಿಗ್ರಿಗೆ ಜಾರುತ್ತದೆ. ಅಂದರೆ ಸ್ಥಿರ ಘರ್ಷಣೆಯ ಗುಣಾಂಕ (ದಿಮ್ಮಿ ಹಲಗೆಯನ್ನು ಒತ್ತುವ ಬಲದ ಎಷ್ಟು ಪಾಲಿನವರೆಗೆ ಘರ್ಷಣೆ ತಡೆಯಬಲ್ಲದು ಅನ್ನುವ ಅಳತೆ) 0.51. 20 ಡಿಗ್ರಿಯಲ್ಲಿ ದಿಮ್ಮಿಯನ್ನು ಕೆಳಗೆಳೆಯುವುದು 171 ಗ್ರಾಂ ಭಾರ, ಘರ್ಷಣೆ ತಡೆಯಬಲ್ಲದ್ದು ಹೆಚ್ಚೆಂದರೆ 240. ಎರಡೂ ಸೇರಿ 411. ಬಾಟ್ಲಿ, ನೀರು ಸೇರಿ ಅಷ್ಟಾಗಿ ದಿಮ್ಮಿ ಮೇಲಕ್ಕೆ ಹೊರಡಲು 190 ಸೆಕೆಂಡ್ ಬೇಕು.

ಹೋದ ವಾರ 214 ಬಂದಿತ್ತು. ತಪ್ಪು ನನ್ನದೇ. ಮೇಲಿನ ಡಬ್ಬಿಯಲ್ಲಿ ನೀರು ಇಳಿದಂತೆ ಧಾರೆಯೂ ಸಣ್ಣದಾಗುತ್ತದೆ, ಅಲ್ವಾ? ಈ ಸಲ ಡಬ್ಬಿ ಸದಾ ತುಂಬಿ ಹೊರಚೆಲ್ಲುವಂತೆ ನಳ ಬಿಟ್ಟೆ. 196 ಬಂತು. ಉಳಿದ 6 ಸೆಕೆಂಡ್ ರಾಟೆಯ ಬಿಗುವು ಅಂತ ನನ್ನ ಅನುಮಾನ.

"ನೀರೆಲ್ಲಾ ಹಾಳ ಮಾಡಾಕತ್ತೀಯಲ್ಲೋ!" ಅಂತ ಅವ್ವ ಕೆಳಗಿಂದ ಕೂಗಿದಳು. ಚೆಲ್ಲಿದ್ದಕ್ಕೆ ಬಕೆಟ್ ಇಟ್ಟೆ, ತುಳಸಿಗೆ ಹೋಯಿತು.

ನನಗೆ ಮಜಾ ಕೊಟ್ಟದ್ದು ದಿಮ್ಮಿ ಹೊರಡುವ ಮುಂಚಿನ ಮೂರು ನಿಮಿಷ. ನೋಡಲು ಏನೂ ಇಲ್ಲ, ಕಲ್ಲಿನ ಹಾಗೆ ಕೂತಿರುತ್ತದೆ. ಆದರೆ ಮೊದಲು ಘರ್ಷಣೆ ದಿಮ್ಮಿಯನ್ನು ಜಾರದಂತೆ ಮೇಲಕ್ಕೆ ಹಿಡಿದಿರುತ್ತದೆ. ಬಾಟ್ಲಿ 171 ಗ್ರಾಂ ಮುಟ್ಟಿದಾಗ ಅದು ಸೊನ್ನೆ. ಆಮೇಲೆ ದಿಕ್ಕು ಬದಲಿಸಿ ಕೆಳಕ್ಕೆ ಜಗ್ಗುತ್ತದೆ. ಕಣ್ಣಿಗೆ ಕಾಣದ ಇದನ್ನು ಹಿಡಿಯುವುದು ಹೇಗೆ? ದಿಮ್ಮಿಯ ಪಕ್ಕ ಪೆನ್ಸಿಲ್ ಗೆರೆ ಎಳೆದು, ಬೆರಳಿನಿಂದ ಹಲಗೆಗೆ ಟಕ್ ಟಕ್ ಅಂತ ಬಡಿದೆ. ಬಾಟ್ಲಿ ಖಾಲಿ ಇದ್ದಾಗ ದಿಮ್ಮಿ ಕೂದಲೆಳೆಯಷ್ಟು ಕೆಳಗೆ ಸರಿಯಿತು. 170ರ ಸುಮಾರಿಗೆ ಎಷ್ಟು ಬಡಿದರೂ ಅಲ್ಲೇ. 380ಕ್ಕೆ ಗೆರೆ ದಾಟಿ ಮೇಲೆ ಹೋಯಿತು! (ಬಡಿದ ಸುತ್ತುಗಳನ್ನು ಸಮಯದ ಲೆಕ್ಕಕ್ಕೆ ಹಿಡಿದಿಲ್ಲ.)

ಹೊರಟ ಮೇಲೆ ಮಾತ್ರ ತಡೆಯೇ ಇಲ್ಲ. 60 ಸೆಂಟಿಮೀಟರ್ ದಾರಿ ಒಂದೂವರೆ ಸೆಕೆಂಡಿನಲ್ಲಿ ಮುಗಿಸಿ ರಾಟೆಗೆ ಡಿಕ್ಕಿ. ಚಲಿಸುವಾಗಿನ ಗುಣಾಂಕ ಸುಮಾರು 0.4 ಅಂತ ಇದರಿಂದ ಸಿಕ್ಕಿತು. ದಿಮ್ಮಿಯ ಒಂದು ಮೂಲೆ ಸೀಳಿದೆ.

ಮುಂದಿನ ವಾರ ಇಳಕಲ್ ಗ್ರಾನೈಟ್ ತುಂಡು. ರಾಟೆಗೆ ಮೊದಲು ಎಣ್ಣೆ ಹಾಕಬೇಕು.