ಬರೆದವರು, ಬರೆಸಿದವರು

2024 ಜನವರಿ 21, ಭಾನುವಾರ
ಸುಂಟಿಕೊಪ್ಪ

ಬೆಳಿಗ್ಗೆ ಕಣದಲ್ಲಿ ಕಾಫಿ ಹರಡಿಸಿ ಮನೆಗೆ ಬರುವಷ್ಟರಲ್ಲಿ ಒಂಬತ್ತೂವರೆ ಆಗಿತ್ತು. ರೊಬಸ್ಟಾ ಕೊಯ್ಲು ಶುರುವಾದ ಮೇಲೆ ನನಗೆ ಭಾನುವಾರವೂ ಪೂರ್ತಿ ರಜೆ ಇಲ್ಲ. ಮಂಜು ಇನ್ನೂ ಬಿಟ್ಟಿರಲಿಲ್ಲ. ಮಗಳು ಒಲೆ ಪಕ್ಕ ಕೂತು ಒಂದು ಕಾಗದ ಹಿಡಿದುಕೊಂಡಿದ್ದಳು. ಮುಖ ಊದಿತ್ತು.

ಅವಳು ಎಫ್‌ಡಿಎ ಪರೀಕ್ಷೆಗೆ ಓದುತ್ತಿದ್ದಾಳೆ. ವಾರಕ್ಕೆರಡು ದಿನ ಕೋಚಿಂಗ್‌ಗೆ ಹೋಗುತ್ತಾಳೆ. ಅಲ್ಲಿ ಕೊಟ್ಟ ಮಾದರಿ ಪರೀಕ್ಷೆಯಲ್ಲಿ ಒಂದು ಪ್ರಶ್ನೆ: ಕವಿರಾಜಮಾರ್ಗ ಬರೆದವರು ಯಾರು? ಅವಳು ಶ್ರೀವಿಜಯ ಅಂತ ಗುರುತು ಹಾಕಿದ್ದಾಳೆ. ಕೀ ಉತ್ತರದಲ್ಲಿ ಅಮೋಘವರ್ಷ ನೃಪತುಂಗ ಅಂತ ಇದೆ. ಒಂದು ಅಂಕ ಹೋಯಿತು, ತಪ್ಪುತ್ತರಕ್ಕೆ ಕಾಲು ಅಂಕವೂ ಕಳೆದರು.

"ಅಪ್ಪಾ, ನೀವು ಹೇಳಿದ್ದನ್ನೇ ಅಲ್ವಾ ನಾನು ಬರೆದದ್ದು?" ಅಂದಳು.

ಹೌದು, ನಾನೇ ಹೇಳಿದ್ದೆ. ಈಗಲೂ ಅದನ್ನೇ ಹೇಳುತ್ತೇನೆ.

ನಾನು ತೋಟದ ರೈಟರ್. ಕೊಡಗಿನ ಹೊರಗಿನವರಿಗೆ ರೈಟರ್ ಅಂದರೆ ಕತೆ ಬರೆಯುವವನು ಅನ್ನಿಸಬಹುದು. ಇಲ್ಲಿ ಹಾಗಲ್ಲ. ಚೆಕ್‌ರೋಲ್, ಅಂದರೆ ಕೂಲಿಯವರ ಹಾಜರಿ ಪುಸ್ತಕ, ಬರೆಯುವವನು, ಯಾರು ಎಷ್ಟು ಕೆಜಿ ಹಣ್ಣು ಕೊಯ್ದರು ಅಂತ ಸಂಜೆ ತೂಕ ಹಾಕಿ ಗುರುತು ಮಾಡುವವನು, ಶನಿವಾರ ಬಟವಾಡೆ ಲೆಕ್ಕ ಕಟ್ಟುವವನು. ಜೊತೆಗೆ ಸಾಹುಕಾರರ ಪತ್ರಗಳನ್ನೂ ನಾನೇ ಬರೆಯುತ್ತೇನೆ. ಆನೆ ಬಂದು ಗಿಡ ತುಳಿದರೆ ಅರಣ್ಯದವರಿಗೆ ಅರ್ಜಿ, ಬ್ಯಾಂಕಿಗೆ ಕಾಗದ, ಎಲ್ಲವೂ. ಏನು ಬರೀಬೇಕು ಅಂತ ಅವರು ಹೇಳುತ್ತಾರೆ. ನಾನು ಬರೆದು ತಂದದ್ದನ್ನು ಓದುತ್ತಾರೆ, ಒಂದೆರಡು ಕಡೆ ತಿದ್ದುತ್ತಾರೆ, ಸಹಿ ಹಾಕುತ್ತಾರೆ. ಅದರಲ್ಲಿ ತಪ್ಪೇನೂ ಇಲ್ಲ. ಪತ್ರ ಅವರದೇ, ಜವಾಬ್ದಾರಿಯೂ ಅವರದೇ. ಬರೆದದ್ದು ಮಾತ್ರ ನಾನು.

ಅದಕ್ಕೇ ಕವಿರಾಜಮಾರ್ಗದ ಒಂದು ಮಾತು ನನಗೆ ಓದಿದ ಕೂಡಲೇ ಅರ್ಥವಾಯಿತು. ಅದರಲ್ಲೇ ಇದೆ: 'ನೃಪತುಂಗದೇವಾನುಮತಮಪ್ಪ ಕವಿರಾಜಮಾರ್ಗ'. ಅನುಮತ. ಅಂದರೆ ನೃಪತುಂಗ ಒಪ್ಪಿದ್ದು. ತಾನೇ ಕೂತು ಬರೆದ ರಾಜ ತನ್ನ ಪುಸ್ತಕಕ್ಕೆ ತಾನೇ ಯಾಕೆ ಅನುಮತಿ ಕೊಟ್ಟುಕೊಳ್ಳುತ್ತಾನೆ? ಒಪ್ಪುವವನು ಒಬ್ಬ, ಬರೆಯುವವನು ಇನ್ನೊಬ್ಬ ಇದ್ದಾಗಲೇ ಆ ಮಾತು ಬೇಕಾಗುವುದು.

ಇಷ್ಟೇ ಆಗಿದ್ದರೆ ಸುಮ್ನೆ ನನ್ನ ಊಹೆ ಅನ್ನಬಹುದಿತ್ತು. ಆದರೆ 1031ರಲ್ಲಿ ದುರ್ಗಸಿಂಹ ತನ್ನ ಪಂಚತಂತ್ರದಲ್ಲಿ ಶ್ರೀವಿಜಯರ ಕವಿಮಾರ್ಗ ಅಂತ ಹೆಸರು ಹಿಡಿದೇ ಹೇಳಿದ್ದಾನೆ. ಅದು ಕವಿಗಳ ಮನಸ್ಸಿಗೆ ಕನ್ನಡಿಯೂ ಹೌದು, ಕೈದೀವಿಗೆಯೂ ಹೌದು ಅನ್ನುತ್ತಾನೆ. ಕವಿರಾಜಮಾರ್ಗ ಹುಟ್ಟಿದ್ದು ಸುಮಾರು 850ರಲ್ಲಿ. ಇನ್ನೂರು ವರ್ಷದೊಳಗೆ ಬದುಕಿದ್ದವನ ಮಾತಿಗೆ ನಾನು ಜಾಸ್ತಿ ಬೆಲೆ ಕೊಡುತ್ತೇನೆ. 1898ರಲ್ಲಿ ಕೆ.ಬಿ. ಪಾಠಕರು ಅದನ್ನು ಅಚ್ಚು ಹಾಕಿಸಿದಾಗ ನೃಪತುಂಗನ ಹೆಸರಲ್ಲೇ ಬಂತು. ಒಮ್ಮೆ ಅಚ್ಚಾದ ಹೆಸರು ಬೇಗ ಅಳಿಸುವುದಿಲ್ಲ.

ನೃಪತುಂಗನನ್ನು ಸಣ್ಣವನು ಮಾಡಬೇಕು ಅಂತ ನನಗಿಲ್ಲ. ಅರುವತ್ತು ವರ್ಷಕ್ಕೂ ಮೇಲೆ ಆಳಿದವನು. ಕಾವೇರಿಯಿಂದ ಗೋದಾವರಿವರೆಗಿನ ಕನ್ನಡ ನಾಡು ಅಂತ ಹೇಳುವ ಪುಸ್ತಕವನ್ನು ಬರೆಸಬೇಕು ಅಂತ ತೋರಿದ್ದೇ ದೊಡ್ಡದು. ನಮ್ಮ ತಲಕಾವೇರಿಯ ನೀರು ಆ ಸಾಲಿನಲ್ಲಿ ಹರಿಯುತ್ತಿದೆ ಅಂದಾಗಲೆಲ್ಲ ನನಗೆ ಮೈ ಜುಮ್ಮೆನ್ನುತ್ತದೆ. ಅವನ ವಿಚಾರಗಳೂ ಅದರಲ್ಲಿ ಇದ್ದೇ ಇರುತ್ತವೆ. ಆದರೆ ಕನ್ನಡದಲ್ಲಿ ಬರೆದ ಅನ್ನುವುದಕ್ಕೂ ಬರೆಸಿದ ಅನ್ನುವುದಕ್ಕೂ ಮಧ್ಯೆ ಒಂದು 'ಸಿ' ಇದೆ. ಆ 'ಸಿ'ಯನ್ನು ನುಂಗಬಾರದು.

ನಮ್ಮ ಕೊಡಗಿನಲ್ಲೇ ನೋಡಿ. 'ರಾಜೇಂದ್ರನಾಮೆ' ಅಂತ ಹಾಲೇರಿ ಅರಸರ ಚರಿತ್ರೆ ಇದೆ. 1808ರ ಹೊತ್ತಿಗೆ ದೊಡ್ಡವೀರರಾಜೇಂದ್ರ ಕನ್ನಡದಲ್ಲಿ ಬರೆಸಿದ್ದು. ನಾವು ಬರೆಸಿದ ಅಂತಲೇ ಹೇಳುತ್ತೇವೆ. ಯಾರಿಗೂ ಅವಮಾನ ಆಗಲಿಲ್ಲ.

ಮಗಳು ಬಿಡಲಿಲ್ಲ. "ಹಾಗಾದ್ರೆ ಶೇಕ್ಸ್‌ಪಿಯರ್‌ದೂ ಹೀಗೇ ಅಲ್ವಾ? ಅವನದೂ ಅವನು ಬರೆದದ್ದಲ್ಲ ಅಂತಾರೆ."

ಇಲ್ಲಿ ನನಗೆ ಸ್ವಲ್ಪ ಸಿಟ್ಟೇ ಬಂತು. ಅವಳ ಮೇಲಲ್ಲ, ಆ ವಾದದ ಮೇಲೆ. ಎರಡೂ ಒಂದೇ ಥರದ ಜಗಳ ಅನ್ನಿಸುತ್ತದೆ, ಆದರೆ ಪೂರ್ತಿ ತಿರುಗುಮುರುಗು. ನಮ್ಮಲ್ಲಿ ರಾಜನ ಹೆಸರಿನ ಹಿಂದೆ ಕವಿ ಮುಚ್ಚಿಹೋಗಿದ್ದಾನೆ, ಅವನನ್ನು ಹುಡುಕುತ್ತಿದ್ದೇವೆ. ಅಲ್ಲಿ ಕವಿ ಎದುರಿಗೇ ನಿಂತಿದ್ದಾನೆ, ಅವನನ್ನು ತಳ್ಳಿ ಒಬ್ಬ ದೊಡ್ಡ ಮನುಷ್ಯನನ್ನು ತಂದು ಕೂರಿಸಲು ನೋಡುತ್ತಾರೆ. ಚರ್ಮದ ಕೈಗವಸು ಹೊಲಿಯುವವನ ಮಗ, ಕಾಲೇಜು ಮೆಟ್ಟಿಲು ಹತ್ತಲಿಲ್ಲ, ಅವನಿಗೆ ಅರಮನೆಯ ಮಾತು ಹೇಗೆ ಗೊತ್ತು ಅನ್ನುವುದೇ ವಾದದ ಬೇರು. 1920ರಲ್ಲಿ ಲೂನಿ ಅನ್ನುವ ಶಾಲಾ ಮಾಸ್ತರರು ಆಕ್ಸ್‌ಫರ್ಡಿನ ಅರ್ಲ್ ಎಡ್ವರ್ಡ್ ಡಿ ವೀರ್‌ನೇ ನಿಜವಾದ ಕವಿ ಅಂತ ಪುಸ್ತಕ ಬರೆದರು. ಆ ಅರ್ಲ್ ತೀರಿಕೊಂಡದ್ದು 1604ರಲ್ಲಿ. 'ಟೆಂಪೆಸ್ಟ್' ನಾಟಕದಲ್ಲಿ 1609ರಲ್ಲಿ ಬರ್ಮುಡಾದಲ್ಲಿ ಹಡಗು ಒಡೆದ ಸುದ್ದಿಯ ನೆರಳಿದೆ ಅಂತ ಹೆಚ್ಚಿನ ವಿದ್ವಾಂಸರು ಹೇಳುತ್ತಾರೆ. ಸತ್ತವನು ಹೇಗೆ ಬರೆದ? ಶೇಕ್ಸ್‌ಪಿಯರ್ ಸತ್ತು ಏಳು ವರ್ಷಕ್ಕೆ, 1623ರಲ್ಲಿ, ಅವನ ಜೊತೆ ರಂಗದ ಮೇಲೆ ನಿಂತಿದ್ದ ಇಬ್ಬರು ನಟರೇ 36 ನಾಟಕ ಸೇರಿಸಿ ಅವನ ಹೆಸರಲ್ಲಿ ಅಚ್ಚು ಹಾಕಿಸಿದರು. ಜೊತೆಗೆ ಕೆಲಸ ಮಾಡಿದವರಿಗೆ ಗೊತ್ತಿರುತ್ತದೆ, ಅಲ್ವಾ?

ಇನ್ನೊಂದು ಆಕ್ಷೇಪ ಅವನ ಸಹಿಯದು. ಆರೇ ಆರು ಸಹಿ ಉಳಿದಿವೆ, ಹೆಸರಿನ ಅಕ್ಷರ ಒಂದರಲ್ಲಿ ಇದ್ದಂತೆ ಇನ್ನೊಂದರಲ್ಲಿ ಇಲ್ಲ, ತನ್ನ ಹೆಸರೇ ಸರಿಯಾಗಿ ಬರೆಯದವನು ನಾಟಕ ಬರೆದನೇ ಅಂತ. ನಾನು ಎದ್ದು ಹೋಗಿ ಬಟವಾಡೆ ಪುಸ್ತಕ ತಂದು ಮಗಳ ಮುಂದೆ ಬಿಡಿಸಿಟ್ಟೆ. ನಮ್ಮ ಹಳೇ ಮೇಸ್ತ್ರಿಯ ಸಹಿ ತೋರಿಸಿದೆ. ನಾಲ್ಕು ಶನಿವಾರದ ನಾಲ್ಕು ಸಹಿ. ಒಂದರಲ್ಲಿ ದೀರ್ಘ ಇದೆ, ಇನ್ನೊಂದರಲ್ಲಿ ಇಲ್ಲ. ಮೂರನೆಯದರಲ್ಲಿ ಒತ್ತಕ್ಷರ ಗೆರೆ ದಾಟಿ ಪಕ್ಕದವರ ಕೂಲಿ ಮೇಲೆ ಕೂತಿದೆ. ಕಳೆದ ವಾರದ್ದು ಬರೀ ಮೊದಲ ಅಕ್ಷರ, ಆಮೇಲೆ ಒಂದು ಎಳೆತ. ಕಾಫಿ ಹಣ್ಣಿನ ಅಂಟು ಹತ್ತಿ ಕಾಗದದ ಮೂಲೆ ಕಪ್ಪಾಗಿದೆ. ಆ ಮನುಷ್ಯ ಮರಗಸಿಗೆ ನಿಂತರೆ ಯಾವ ಕೊಂಬೆ ಉಳಿಸಬೇಕು, ಯಾವುದು ಕಡಿಯಬೇಕು ಅಂತ ಅವರಷ್ಟು ತಿಳಿದವರು ಈ ಸುತ್ತಿನಲ್ಲಿ ಇಲ್ಲ. ಸಹಿ ನೋಡಿ ಅವರನ್ನು ಅಳೆಯುವವರು ಅವರ ಕೆಲಸ ನೋಡಿಲ್ಲ.

ಹಾಗಂತ ಬರೆದವರನ್ನು ಕಂಡುಹಿಡಿಯಲು ದಾರಿಯೇ ಇಲ್ಲ ಅಂತಲ್ಲ. ತೋಟದ ಬೀರುವಿನಲ್ಲಿ ನನಗಿಂತ ಹಿಂದಿನ ರೈಟರ್‌ಗಳ ಪುಸ್ತಕಗಳಿವೆ. ಎಷ್ಟೋ ಕಡೆ ಹೆಸರಿಲ್ಲ, ಟೈಪು ಮಾಡಿದ ವರದಿಗಳಲ್ಲಿ ಕೈಬರಹವೂ ಇಲ್ಲ. ಆದರೂ ನನಗೆ ಗೊತ್ತಾಗುತ್ತದೆ. ಒಬ್ಬರು ಎಲ್ಲದಕ್ಕೂ 'ಸದರಿ' ಅನ್ನುತ್ತಾರೆ. ಇನ್ನೊಬ್ಬರು 'ಮೇಲ್ಕಂಡ'. ತಾವು ಹಾಗೆ ಬರೀತೀವಿ ಅಂತ ಅವರಿಗೇ ಗೊತ್ತಿರಲಿಕ್ಕಿಲ್ಲ. ಅಮೆರಿಕದ 'ಫೆಡರಲಿಸ್ಟ್' ಲೇಖನಗಳ ಜಗಳ ಹೀಗೇ ತೀರಿತು. 1787-88ರಲ್ಲಿ ಮೂವರು ಒಂದೇ ಗುಪ್ತನಾಮದಲ್ಲಿ ಬರೆದ 85 ಲೇಖನ. ಅದರಲ್ಲಿ 12 ಹ್ಯಾಮಿಲ್ಟನ್‌ದೋ ಮ್ಯಾಡಿಸನ್‌ದೋ ಅಂತ ವಿವಾದ. 1964ರಲ್ಲಿ ಮಾಸ್ಟೆಲ್ಲರ್ ಮತ್ತು ವಾಲೆಸ್ ಅನ್ನುವ ಇಬ್ಬರು ಸಂಖ್ಯಾಶಾಸ್ತ್ರಜ್ಞರು ದೊಡ್ಡ ಪದ ಬಿಟ್ಟು ಸಣ್ಣ ಪದ ಎಣಿಸಿದರು. ಹ್ಯಾಮಿಲ್ಟನ್ 'ಅಪಾನ್' (upon) ಅನ್ನುವ ಇಂಗ್ಲಿಷ್ ಪದ ಮತ್ತೆ ಮತ್ತೆ ಬಳಸುತ್ತಾರೆ, ಮ್ಯಾಡಿಸನ್ ಬಳಸುವುದು ತೀರಾ ಅಪರೂಪ. ಲೆಕ್ಕ ಮ್ಯಾಡಿಸನ್ ಕಡೆಗೆ ವಾಲಿತು.

ಮಧ್ಯಾಹ್ನ ಊಟ ಆದ ಮೇಲೂ ಮಾತು ನಿಲ್ಲಲಿಲ್ಲ. ಬರೆದವರೇ ಅಡಗಿಕೊಂಡರೆ ಏನು ಮಾಡುವುದು ಅಂತ ಕೇಳಿದಳು. ಮುದ್ದಣನ ಕತೆ ಹೇಳಿದೆ. ಉಡುಪಿಯಲ್ಲಿ ವ್ಯಾಯಾಮ ಹೇಳಿಕೊಡುತ್ತಿದ್ದ ನಂದಳಿಕೆ ಲಕ್ಷ್ಮೀನಾರಣಪ್ಪ, ತಾನೇ ಬರೆದ ಕಾವ್ಯವನ್ನು ಹಳೆಯ ಕವಿಯದು ಅಂತ ಮೈಸೂರಿನ ಪತ್ರಿಕೆಗೆ ಕಳಿಸಿದ. ಅವರೂ ನಂಬಿ ಅಚ್ಚು ಹಾಕಿದರು. 1901ರಲ್ಲಿ, ಇನ್ನೂ ಮೂವತ್ತೊಂದರ ಪ್ರಾಯದಲ್ಲಿ, ಕ್ಷಯದಿಂದ ಹೋದ. ಆ ಕವಿ ಇವನೇ ಅಂತ ಜನಕ್ಕೆ ಗೊತ್ತಾದದ್ದು ಆಮೇಲೆ. ರಾಮಾಶ್ವಮೇಧದ ಮುದ್ದಣ ಮನೋರಮೆಯರ ಸರಸ ಓದುವಾಗ ಇದು ನೆನಪಾದರೆ ನನಗೆ ಗಂಟಲು ಕಟ್ಟುತ್ತದೆ.

ನಮ್ಮ ಗೌರಮ್ಮನವರೂ ಹಾಗೇ. ಇದೇ ಸುಂಟಿಕೊಪ್ಪದ ಹತ್ತಿರದ ತೋಟದಲ್ಲಿ ಇದ್ದವರು. ಕತೆಗಳ ಕೆಳಗೆ ಹಾಕುತ್ತಿದ್ದದ್ದು 'ಮಿಸೆಸ್ ಬಿ.ಟಿ.ಜಿ. ಕೃಷ್ಣ' ಅಂತ. 1939ರಲ್ಲಿ ನೀರಿನಲ್ಲಿ ಮುಳುಗಿ ತೀರಿಕೊಂಡಾಗ ಇಪ್ಪತ್ತೇಳು ವರ್ಷ. ಈಗ ಎಲ್ಲರೂ ಕೊಡಗಿನ ಗೌರಮ್ಮ ಅಂತಲೇ ಕರೆಯುತ್ತಾರೆ. ಗಂಡನ ಹೆಸರಿನ ಹಿಂದಿದ್ದ ಅವರ ಹೆಸರು ಊರಿನ ಹೆಸರಿನ ಜೊತೆ ಮುಂದೆ ಬಂತು. ಇದು ನನಗೆ ತುಂಬಾ ಸಮಾಧಾನ ಕೊಡುವ ವಿಷಯ.

'ಪಟ್ಟೋಲೆ ಪಳಮೆ'ಯನ್ನೂ ಹೇಳಬೇಕು. ನಡಿಕೇರಿಯಂಡ ಚಿಣ್ಣಪ್ಪನವರು ದುಡಿ ಬಡಿದು ಹಾಡುವವರ ಬಾಯಿಂದ ಕೊಡವ ಹಾಡುಗಳನ್ನು ಕೇಳಿ, ಕನ್ನಡ ಅಕ್ಷರದಲ್ಲಿ ಇಳಿಸಿ, 1924ರಲ್ಲಿ ಪುಸ್ತಕ ಮಾಡಿದರು. ಹಾಡು ಕಟ್ಟಿದವರು ಯಾರೋ, ಎಷ್ಟು ಜನವೋ. ಈ ವರ್ಷಕ್ಕೆ ಅದಕ್ಕೆ ನೂರು ತುಂಬುತ್ತದೆ. ಬರೆದುಕೊಂಡವರ ಕೆಲಸ ಸಣ್ಣದು ಅಂತ ಯಾರಾದರೂ ಅಂದರೆ ನಾನು ಒಪ್ಪುವುದಿಲ್ಲ.

ಕುಮಾರವ್ಯಾಸ ಏನಂದಿದ್ದಾನೆ ಗೊತ್ತಾ ಅಂತ ಮಗಳನ್ನು ಕೇಳಿದೆ. ಅವಳೇ ಹೇಳಿದಳು: 'ವೀರನಾರಾಯಣನೆ ಕವಿ ಲಿಪಿಕಾರ ಕುವರವ್ಯಾಸ'. ದೇವರೇ ಕವಿ, ನಾನು ಬರೆದುಕೊಂಡವನು ಅಂತ. ಲಿಪಿಕಾರ. ನಮ್ಮ ತೋಟದ ಮಾತಲ್ಲಿ ರೈಟರ್. ಹತ್ತು ಪರ್ವ ಬರೆದವನು ತನಗೆ ಇಟ್ಟುಕೊಂಡದ್ದು ಆ ಒಂದು ಪದ. ಅದನ್ನು ಅವನು ಭಕ್ತಿಯಿಂದ ತಾನೇ ಬಿಟ್ಟುಕೊಟ್ಟ. ಶ್ರೀವಿಜಯನ ಹೆಸರು ಹಾಗಲ್ಲ, ಅದು ಕೈತಪ್ಪಿ ಹೋದದ್ದು.

ಸಂಜೆ ಕೋಚಿಂಗ್‌ನವರಿಗೆ ಒಂದು ಪತ್ರ ಬರೀಬೇಕು ಅಂತ ಆಯಿತು. ನಾನು ಪೆನ್ನು ತಗೊಂಡೆ. "ಕೊಡಿ ಅಪ್ಪಾ, ನಾನೇ ಬರೀತೀನಿ" ಅಂದಳು. ಒಂದೇ ಪುಟ. ಅನುಮತ ಅನ್ನುವ ಪದ, ದುರ್ಗಸಿಂಹ, ಇಸವಿ, ಎಲ್ಲ ಹಾಕಿದ್ದಾಳೆ. ಈ ಪ್ರಶ್ನೆಯನ್ನು ಲೆಕ್ಕಕ್ಕೆ ಹಿಡಿಯಬೇಡಿ ಅಂತ ಕೇಳಿದ್ದಾಳೆ, ಅಂಕ ಕೊಡಿ ಅಂತ ಅಲ್ಲ. ನಾನು ಓದಿದೆ. 'ವಿದ್ವಾಂಸ'ದಲ್ಲಿ ಒಂದು ಒತ್ತು ಬಿಟ್ಟಿತ್ತು, ಅದನ್ನು ತೋರಿಸಿದೆ. ಕೆಳಗೆ ಪೂರ್ತಿ ಹೆಸರು ಬರೆದು ಸಹಿ ಹಾಕಿ ಬ್ಯಾಗಿನಲ್ಲಿ ಇಟ್ಟುಕೊಂಡಳು.

ಈಗ ಕಣದ ಕಡೆ ಒಂದು ಸುತ್ತು ಹೋಗಿ ಬರಬೇಕು. ರಾತ್ರಿ ಇಬ್ಬನಿ ಜಾಸ್ತಿ, ಟಾರ್ಪಾಲು ಸರಿಯಾಗಿ ಮುಚ್ಚಿದ್ದಾರಾ ನೋಡಬೇಕು.